ಕತ್ತಲೆ ನಿಮ್ಮ ಟಿವಿಯದ್ದಲ್ಲ

ಗೇಮ್ ಆಫ್ ಥ್ರೋನ್ಸ್ ಧಾರಾವಾಹಿಯ ಎಂಟನೇ ಸೀಸನ್ನಿನ ಮೂರನೇ ಎಪಿಸೋಡ್ ಪೂರ್ತಿ ಕಪ್ಪಾಗಿ ಕಂಡಿತು, ಟಿವಿ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಕೆಟ್ಟಿಲ್ಲ. 2019ರ ಏಪ್ರಿಲ್‌ನಲ್ಲಿ ಅದು ಬಂದಾಗ ಎಲ್ಲ ಕಡೆ ಇದೇ ದೂರು. ಕತ್ತಲು ಬೇಕಂತಲೇ ಇಟ್ಟದ್ದು. ಎಪಿಸೋಡ್ ತುಂಬ ರಾತ್ರಿ ನಡೆಯುವ ಯುದ್ಧ, ಅದನ್ನು 55 ರಾತ್ರಿ ಚಿತ್ರೀಕರಿಸಿದ್ದಾರೆ. ಆದರೆ ಸ್ಟ್ರೀಮಿಂಗ್‌ಗಾಗಿ ವಿಡಿಯೋ ಗಾತ್ರ ಇಳಿಸಿದಾಗ ಕಪ್ಪಿನೊಳಗಿನ ವಿವರ ಜಾಸ್ತಿ ಹೋಗುತ್ತದೆ.

ನಾನೂ ಮೊದಲು ಧಾರವಾಡದ ರೂಮಿನಲ್ಲಿ ಬೆಳಿಗ್ಗೆ ನೋಡಿದ್ದೆ. ಕಿಟಕಿಯ ಬಿಸಿಲು ಪರದೆ ಮೇಲೆ, ನನ್ನ ಮುಖ ಬಿಟ್ಟರೆ ಏನೂ ಕಾಣಲಿಲ್ಲ. ಬೇಜಾರಾಯಿತು. ರಾತ್ರಿ ಲೈಟ್ ಆರಿಸಿ ಎಪಿಸೋಡ್ ಮತ್ತೆ ಹಾಕಿದೆ. ಕತೆಯಲ್ಲಿ ಬರುವ ದೋತ್ರಾಕಿ ಎಂಬ ಕುದುರೆ ಸವಾರರ ಉರಿಯುವ ಕತ್ತಿಗಳು ದೂರದಲ್ಲಿ ಒಂದೊಂದೇ ಆರುತ್ತವಲ್ಲ, ಸದ್ದೇ ಇಲ್ಲದ ಹಾಗೆ, ಮೈ ಜುಮ್ಮೆಂದಿತು! ದಯವಿಟ್ಟು ಇನ್ನೊಮ್ಮೆ ಹಾಗೆ ನೋಡಿ. ಪಿಕ್ಚರ್ ಮೋಡ್ ಸಿನಿಮಾಕ್ಕೆ ಇಡಿ.