ಟೆಕ್ಸಾಸ್‌ನಲ್ಲಿ ಜಮೀನಿನ ಕೆಲಸಕ್ಕೂ ಜಿಂಕೆ ಬೇಟೆಗೂ ಆಗುವಂಥ ಸಣ್ಣ ಗಾಡಿ ಯಾವುದು?

ಹುಲ್ಲು, ಬೇಲಿ ಕಂಬ ಸಾಗಿಸುವ ಕೆಲಸವೇ ಜಾಸ್ತಿ ಅಲ್ವಾ? ಹಾಗಾದರೆ ಡೀಸೆಲ್‌ನ ಕುಬೋಟಾ ಆರ್‌ಟಿವಿ-ಎಕ್ಸ್ ನೋಡಿ. ಇದರ ಹೈಡ್ರೋಸ್ಟ್ಯಾಟಿಕ್ ವ್ಯವಸ್ಥೆಯಲ್ಲಿ ಎಂಜಿನ್ ಶಕ್ತಿ ಎಣ್ಣೆಯ ಒತ್ತಡದ ಮೂಲಕ ಚಕ್ರಕ್ಕೆ ಹೋಗುತ್ತದೆ. ಬೇರೆ ಬಹಳಷ್ಟು ಗಾಡಿಗಳಲ್ಲಿ ರಬ್ಬರ್ ಬೆಲ್ಟ್ ಇರುತ್ತದೆ. ಭಾರ ಹೊತ್ತು ನಿಧಾನವಾಗಿ ಏರು ಹತ್ತಿದರೆ ಆ ಬೆಲ್ಟ್ ಬಿಸಿಯಾಗಿ ಜಾರಬಹುದು, ಕೊನೆಗೆ ಹರಿದುಹೋಗಲೂಬಹುದು.

ಆದರೆ ಡೀಸೆಲ್ ಸದ್ದು ಜಿಂಕೆಗೆ ದೂರದಿಂದಲೇ ಕೇಳುತ್ತದೆ. ಗಾಡಿ ದೂರದಲ್ಲೇ ನಿಲ್ಲಿಸಿ ನಡೆದರಾಯಿತು. ಅದಕ್ಕಾಗಿ ಸುಮ್ನೆ ದುಬಾರಿ ಎಲೆಕ್ಟ್ರಿಕ್ ಗಾಡಿ ಬೇಡ ಅನ್ನುತ್ತೇನೆ.

ಬಜೆಟ್ ಕಡಿಮೆಯಿದ್ದರೆ ಜಪಾನಿನ ಹಳೆಯ 660 ಸಿಸಿ ‘ಕೇ ಟ್ರಕ್’ ಎಂಬ ಪುಟ್ಟ ಟ್ರಕ್ ಇದೆ. ಬಾಗಿಲು, ಹೀಟರ್ ಎಲ್ಲ ಇರುತ್ತದೆ. 25 ವರ್ಷ ಹಳೆಯದಾದರೆ ಆಮದು ಸುಲಭ. ಬಿಡಿಭಾಗ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ.