100 ಬಂತು ಅಂತ 100 ಸುರಿಯಬೇಡ

ಪ್ರಶ್ನೆ: 2 ಮೋಲಾರ್ (ಲೀಟರ್ ದ್ರಾವಣದಲ್ಲಿ 2 ಮೋಲ್; ಮೋಲ್ ಅಂದರೆ ಪದಾರ್ಥದ ಪ್ರಮಾಣದ ಅಳತೆ) ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ 25 ಮಿಲಿ ತೆಗೆದುಕೊಂಡೆ. ಅದನ್ನು 0.5 ಮೋಲಾರ್‌ಗೆ ಇಳಿಸಬೇಕಿತ್ತು. ಎಂ1ವಿ1 = ಎಂ2ವಿ2 (ಎಂ ಸಾಂದ್ರತೆ, ವಿ ಗಾತ್ರ) ಸೂತ್ರದಲ್ಲಿ ವಿ2 100 ಬಂತು. 100 ಮಿಲಿ ನೀರು ಬೆರೆಸಿದೆ. ಸಾಂದ್ರತೆ ಅಳೆಯುವ ಟೈಟ್ರೇಷನ್‌ನಲ್ಲಿ 0.4 ಬರುತ್ತಿದೆ. ಸೂತ್ರ ತಪ್ಪಾ ಸರ್, ನನ್ನ ಕೈ ತಪ್ಪಾ?
– ಮೊದಲ ವರ್ಷದ ವಿದ್ಯಾರ್ಥಿನಿ

ಉತ್ತರ: ಸೂತ್ರವೂ ಸರಿ, ನಿನ್ನ ಕೈಯೂ ಸರಿ ಮಗೂ. 0.4 ಬಂದದ್ದು ನೋಡಿ ನನಗೆ ಖುಷಿಯೇ ಆಯಿತು. ಪಿಪೆಟ್ ನೆಟ್ಟಗೆ ಹಿಡಿಯದವರಿಗೆ ತಪ್ಪು ಕೂಡ ಇಷ್ಟು ಕರಾರುವಾಕ್ಕಾಗಿ ಬರುವುದಿಲ್ಲ.

ಎಡವಟ್ಟಾಗಿದ್ದು ವಿ2 ಹತ್ತಿರ. ಅದು ಸುರಿಯುವ ನೀರಲ್ಲ, ಕೊನೆಗೆ ಪಾತ್ರೆಯಲ್ಲಿ ಇರಬೇಕಾದ ಒಟ್ಟು ದ್ರಾವಣ. ಸೂತ್ರ ಪಕ್ಕಕ್ಕಿಡು. ನಿನ್ನ 25 ಮಿಲಿಯಲ್ಲಿ ಇದ್ದದ್ದು 25 × 2, ಅಂದರೆ 50 ಮಿಲಿಮೋಲ್ (ಮೋಲ್‌ನ ಸಾವಿರದ ಒಂದು ಭಾಗವೇ ಮಿಲಿಮೋಲ್). ನೀರು ಎಷ್ಟೇ ಹಾಕು, ಈ 50 ಜಾಸ್ತಿಯೂ ಆಗದು, ಕಡಿಮೆಯೂ ಆಗದು. ಅದು 100 ಮಿಲಿಯಲ್ಲಿ ಹರಡಿಕೊಂಡರೆ 0.5 ಮೋಲಾರ್. ಆದರೆ 25 ಮಿಲಿ ಆಗಲೇ ಇತ್ತಲ್ವಾ? ಬೇಕಿದ್ದ ನೀರು ಸುಮಾರು 75 ಮಿಲಿ. ನೀನು 100 ಹಾಕಿದೆ, ಒಟ್ಟು 125 ಆಯಿತು. 50ನ್ನು 125ರಿಂದ ಭಾಗಿಸು.

'ಸುಮಾರು' ಅಂದೆ ನೋಡು. ಆ 75ನ್ನು ಅಳೆಯಲೇಬೇಡ. ಕತ್ತಿನಲ್ಲಿ ಅಳತೆಯ ಗೆರೆ ಇರುವ 100 ಮಿಲಿಯ ಸ್ಟ್ಯಾಂಡರ್ಡ್ ಫ್ಲಾಸ್ಕ್‌ಗೆ 25 ಮಿಲಿ ಬಿಟ್ಟು, ಡಿಸ್ಟಿಲ್ಡ್ ನೀರಿನಿಂದ ಗೆರೆ ಮುಟ್ಟಿಸು. ಕೊನೆಯ ಹನಿಗಳು ಡ್ರಾಪರ್‌ನಿಂದ ಬೀಳಲಿ, ಕಣ್ಣು ಗೆರೆಯ ಮಟ್ಟಕ್ಕಿರಲಿ. ಮುಚ್ಚಳ ಹಾಕಿ ಚೆನ್ನಾಗಿ ಮೇಲೆ ಕೆಳಗೆ ಮಾಡು.

ಈ ಕೊನೆಯ ಹನಿಯಲ್ಲೇ ನಾನೂ ಎಡವಿದ್ದೆ. ಕಲಿಯುವಾಗ ಒಮ್ಮೆ ನೀರು ಗೆರೆ ದಾಟಿತು. ಯಾರೂ ನೋಡಲಿಲ್ಲ ಅಂತ ಡ್ರಾಪರ್‌ನಲ್ಲಿ ಹೀರಿ ಗೆರೆಗೆ ಇಳಿಸಿದೆ. ಹಿಂದೆಯೇ ನಿಂತಿದ್ದ ಮೇಷ್ಟ್ರು ಕೇಳಿದರು, "ಬರೀ ನೀರನ್ನೇ ಆರಿಸಿ ತೆಗೆದೆಯೇನಯ್ಯಾ?" ಹೀರಿದ್ದರಲ್ಲಿ ಕರಗಿದ್ದೂ ಹೋಗಿತ್ತು. ಫ್ಲಾಸ್ಕ್ ತೊಳೆದು ಮತ್ತೆ ಮೊದಲಿನಿಂದ ಶುರು ಮಾಡಿದೆ.

ನಿನ್ನದನ್ನು ಮಾತ್ರ ಸುಮ್ನೆ ಚೆಲ್ಲಬೇಡ. ನೀರು ವಾಪಸ್ ತೆಗೆಯಲಾಗದಿದ್ದರೂ ಗಟ್ಟಿ ದ್ರಾವಣ ಸೇರಿಸಬಹುದು. ಟೈಟ್ರೇಷನ್‌ಗೆ 25 ಹೋಗಿ 100 ಮಿಲಿ ಉಳಿದಿದೆ ಅಂದುಕೊಳ್ಳೋಣ. ಅದರಲ್ಲಿ 40 ಮಿಲಿಮೋಲ್ ಇದೆ. 2 ಮೋಲಾರ್ ದ್ರಾವಣ 6.7 ಮಿಲಿ ಹಾಕಿದರೆ ಇನ್ನೊಂದು 13.4 ಸೇರುತ್ತದೆ. ಒಟ್ಟು 53.4 ಮಿಲಿಮೋಲ್, 106.7 ಮಿಲಿಯಲ್ಲಿ. ಇಲ್ಲಿ ನಿನ್ನ ಸೂತ್ರ ನಡೆಯುವುದಿಲ್ಲ, ಎರಡೂ ಕಡೆಯಿಂದ ಸರಕು ಬರುತ್ತದಲ್ಲ! ಮತ್ತೆ ಟೈಟ್ರೇಷನ್ ಮಾಡಿ, ಎಷ್ಟು ಬಂತು ಅಂತ ಬರೆ.