ಮಲಗಿರುವ ಗಂಡು ಜಿಂಕೆ ಎದ್ದು ಎತ್ತ ಹೋಗುತ್ತದೆ ಅಂತ ಬೇಟೆಗಾರರು ಹೇಗೆ ಊಹಿಸುತ್ತಾರೆ?

ಮುಖ್ಯವಾಗಿ ಗಾಳಿ ನೋಡಿ. ಅಮೆರಿಕದ ವೈಟ್‌ಟೇಲ್, ಅಂದರೆ ಬಿಳಿಬಾಲದ ಜಿಂಕೆ, ಕಣ್ಣಿಗಿಂತ ಮೂಗನ್ನೇ ಜಾಸ್ತಿ ನಂಬುತ್ತದೆ.

ದಕ್ಷಿಣ ಓಹಾಯೋದ ಗುಡ್ಡಗಳನ್ನೇ ತೆಗೆದುಕೊಳ್ಳಿ. ಬಲಿತ ಗಂಡು ಅಲ್ಲಿ ಸಾಮಾನ್ಯವಾಗಿ ಗುಡ್ಡದ ನೆತ್ತಿಗಿಂತ ಸ್ವಲ್ಪ ಕೆಳಗೆ, ಗಾಳಿಗೆ ಬೆನ್ನು ಹಾಕಿ ಮಲಗುತ್ತದೆ. ಹಿಂದಿನಿಂದ ಯಾರಾದರೂ ಬಂದರೆ ಗಾಳಿಯೇ ವಾಸನೆ ತರುತ್ತದೆ. ಮುಂದಿನ ಕಣಿವೆಯನ್ನು ಕಣ್ಣು ಕಾಯುತ್ತದೆ. ಹಗಲು ಬಿಸಿಲಿಗೆ ಕಾದ ಗಾಳಿ ಇಳಿಜಾರು ಹತ್ತುವುದರಿಂದ ಕೆಳಗಿನ ವಾಸನೆಯೂ ಮೇಲೆ ಬರುತ್ತದೆ. ಎಂಥ ಜಾಗ, ಅಲ್ವಾ? ಗಾಳಿಯ ದಿಕ್ಕು ಬದಲಾದರೆ ಮಲಗುವ ಜಾಗವೂ ಬದಲಾಗಬಹುದು.

ಸಂಜೆ ಅದು ಎದ್ದು ಮೈಮುರಿಯುತ್ತದೆ. ಆದರೆ ಸುಮ್ನೆ ಜೋಳದ ಹೊಲಕ್ಕೆ ನುಗ್ಗುವುದಿಲ್ಲ. ಮರೆಯಲ್ಲೇ ಓಕ್ ಕಾಯಿ ಮೆಲ್ಲುತ್ತಾ ಕತ್ತಲಿಗೆ ಕಾಯುತ್ತದೆ. ಹಾಗಾಗಿ ಹೊಲದ ಅಂಚಿನಲ್ಲಿ ಕೂತವರಿಗೆ ಬೆಳಕಿರುವಾಗ ಅದು ಕಾಣುವುದೇ ಅಪರೂಪ. ಜಾಣರು ಮಲಗುವ ಜಾಗಕ್ಕೂ ಮೇವಿಗೂ ನಡುವೆ, ಮಲಗುವ ಜಾಗಕ್ಕೇ ಹತ್ತಿರವಾಗಿ, ತಮ್ಮ ವಾಸನೆ ಅತ್ತ ಹೋಗದಂತೆ ಕೂರುತ್ತಾರೆ. ಸಂಜೆ ತಂಪಾದ ಗಾಳಿ ಕೆಳಗೆ ಜಾರುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇದನ್ನು ಮರೆತೇ ಹೆಚ್ಚಿನವರು ಕೆಡುತ್ತಾರೆ. ಕೊಂಬು ಉಜ್ಜಿ ತೊಗಟೆ ಸುಲಿದ ಎಳೆ ಮರಗಳು ಸಾಲಾಗಿ ಕಂಡರೆ, ಅದು ಓಡಾಡುವ ದಾರಿ ಅಂತ ತಿಳಿಯಿರಿ.

ನವೆಂಬರ್‌ನಲ್ಲಿ ಬೆದೆಗಾಲ ಬಂದರೆ ಈ ಲೆಕ್ಕ ತಲೆಕೆಳಗು. ಆಗ ಗಂಡು ಮೇವು ಮರೆತು, ಹೆಣ್ಣುಗಳು ಮಲಗುವ ಪೊದೆಗಳಿಂದ ಗಾಳಿ ಬೀಸಿ ಹೋಗುವ ಕಡೆ ಸುತ್ತುತ್ತಾ, ಒಳಗೆ ಹೋಗದೆಯೇ ವಾಸನೆ ಹಿಡಿಯುತ್ತದೆ. ಹಾಡುಹಗಲಲ್ಲೂ ಕಾಣಿಸಿಕೊಳ್ಳುತ್ತದೆ.